ಎಡಗಡೆ ಸೌಂಡ್ ಬರುತ್ತಿಲ್ಲ

ನನ್ನ ಅಕ್ಕನ ಎಡಗಿವಿ ಹೋಗಿದೆ ಎಂದು ಮೊದಲು ಕಂಡುಹಿಡಿದವಳು ನಾನು. ಡಾಕ್ಟರು ಹೇಳಿದ್ದು ಆಮೇಲೆ. ನಾನು ಕಂಡುಹಿಡಿದದ್ದೂ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡ ಅಗ್ಗದ ಇಯರ್‌ಫೋನಿನಿಂದ. ಅದಕ್ಕೂ ಮೊದಲು ವರ್ಷದ ಮೇಲೆ ಅವಳ ಮನೆಯ ಟಿವಿಯನ್ನು ರಿಪೇರಿ ಮಾಡುತ್ತಲೇ ಇದ್ದೆ. ಟಿವಿಗೆ ಏನೂ ಆಗಿರಲಿಲ್ಲ. ಭಾವ ಅವಳ ಕೆನ್ನೆಗೆ ಬಾರಿಸಿ ಬಾರಿಸಿ ಕಿವಿಯ ತಮಟೆ ಹರಿದಿದ್ದ. ಉಳಿದದ್ದು ಬಲಗಿವಿ ಒಂದೇ. ಅದನ್ನು ಉಳಿಸಿಕೊಳ್ಳಲು ಅಕ್ಕ ಪಟ್ಟ ಪಾಡನ್ನು ಬರೆಯಲು ಕೂತರೆ ಇವತ್ತಿಗೂ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ನಾನು ಬಳ್ಳಾರಿಯ ಪಾರ್ವತಿನಗರದಲ್ಲಿ ಅವ್ವನ ಜೊತೆ ಇದ್ದೇನೆ. ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಪಾಠ ಹೇಳುತ್ತೇನೆ. ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಅಕ್ಕನ ಮನೆಗೆ ಹೋಗಿ ಒಂದು ದಿನ ಇದ್ದು ಬನ್ನಿ ಎನ್ನುತ್ತಿದ್ದೆ. ಬಳಗದಲ್ಲಿ ಯಾರ ಮನೆಯಲ್ಲಿ ಏನು ಮಿನುಗದಿದ್ದರೂ, ಮಿನುಗುವುದು ನಿಲ್ಲದಿದ್ದರೂ ಫೋನ್ ಬರುವುದು ನನಗೆ. ಪ್ರಿಂಟರು ಕಾಗದ ನುಂಗಿತು, ವೈಫೈ ಬರುತ್ತಿಲ್ಲ, ರಿಮೋಟು ಸತ್ತಿದೆ. ಬಿಟ್ಟಿ ಕೆಲಸ. ಬೈಯುತ್ತಲೇ ಮಾಡುತ್ತೇನೆ.

ಈ ಕೆಲಸ ನನಗೆ ಅಪ್ಪನಿಂದ ಬಂದದ್ದು. ಅಪ್ಪನಿಗೆ ಕುರುಗೋಡಿನಲ್ಲಿ ರೇಡಿಯೋ, ಟಿವಿ ರಿಪೇರಿ ಅಂಗಡಿ ಇತ್ತು. ಡಬ್ಬಿಯಂಥ ದಪ್ಪ ಟಿವಿಗಳ ಕಾಲ ಅದು. ಹಿಂದಿನ ಮುಚ್ಚಳ ಬಿಚ್ಚಿ, ಟಿವಿ ಆನ್ ಮಾಡಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಒಳಗೆ ಅಲ್ಲಲ್ಲಿ ಮೆಲ್ಲಗೆ ಕುಟ್ಟುತ್ತಿದ್ದ. ಎಲ್ಲಿ ಕುಟ್ಟಿದಾಗ ಚಿತ್ರ ಹಾರುತ್ತದೋ ಅಲ್ಲಿ ಬೆಸುಗೆ ಬಿಟ್ಟಿದೆ ಎಂದು ಅರ್ಥ. ಆಮೇಲೆ ಕೂತು ಆ ಜಾಗಕ್ಕೆ ಸೀಸ ಹಾಕಿ ಬೆಸೆಯುತ್ತಿದ್ದ. ಅಂಗಡಿಯ ಮುಂದೆ ಬಸ್ಸಿಗೆ ಕಾಯುವವರು ಕುಟ್ಟುವುದನ್ನು ನೋಡುತ್ತಿದ್ದರು, ಬೆಸೆಯುವ ಹೊತ್ತಿಗೆ ಬಸ್ ಬಂದು ಹೋಗಿಬಿಡುತ್ತಿದ್ದರು. ಹಾಗಾಗಿ ಊರಿಗೆಲ್ಲ ಒಂದು ನಂಬಿಕೆ ಬೆಳೆಯಿತು, ಟಿವಿ ಕೆಟ್ಟರೆ ಬಡಿಯಬೇಕು. ಎಷ್ಟೋ ಜನ ಮನೆಯಲ್ಲಿ ಬಡಿದು ಬಡಿದು ಕೊನೆಗೆ ಹೆಣ ಮಾಡಿ ಹೊತ್ತು ತರುತ್ತಿದ್ದರು. ಅಪ್ಪ ರೇಗುತ್ತಿದ್ದ: "ಬಡದ್ರ ಸರಿ ಆಗಂಗಿಲ್ರೋ. ಎಲ್ಲಿ ಬಿಟ್ಟೈತಿ ಅಂತ ಗೊತ್ತಾಗ್ತೈತಿ, ಅಷ್ಟ."

ಭಾವ ಹೆಣ್ಣು ನೋಡಲು ಬಂದ ದಿನ ಮನೆಗೂ ಮೊದಲು, ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಗೆ ಬಂದಿದ್ದ. ಸಿರುಗುಪ್ಪದಲ್ಲಿ ಗೊಬ್ಬರದ ಅಂಗಡಿ, ಎತ್ತರದ ಆಳು, ಒಳ್ಳೆಯ ನಗು. ಅಪ್ಪ ಕುಟ್ಟುವುದನ್ನು ನೋಡಿ, "ನಮ್ಮನಿಯಾಗೂ ಹಿಂಗ ರೀ ಮಾವಾರ. ಒಂದು ಕೊಟ್ರ ಎಲ್ಲಾ ಹಾದಿಗೆ ಬರ್ತಾವ" ಎಂದು ನಕ್ಕ. ನಾವೂ ನಕ್ಕೆವು. ಅಕ್ಕ ಬಾಗಿಲ ಹಿಂದೆ ನಿಂತು ನಕ್ಕಳು. ಎಲ್ಲಾ ಅಂದರೆ ಏನೇನು ಎಂದು ಯಾರೂ ವಿಚಾರಿಸಲಿಲ್ಲ. ಮದುವೆಯಾದ ಕೆಲವೇ ವರ್ಷಕ್ಕೆ ಅಪ್ಪ ತೀರಿಕೊಂಡ, ಅಂಗಡಿ ಮುಚ್ಚಿ ಅವ್ವ ನನ್ನ ಜೊತೆ ಬಳ್ಳಾರಿಗೆ ಬಂದಳು.

ಅಕ್ಕನ ಮನೆಯಲ್ಲಿ ಭಾವನ ಏಟು ತಿನ್ನದ ವಸ್ತು ಇರಲಿಲ್ಲ. ಮಿಕ್ಸಿಯ ಮುಚ್ಚಳ ಸೀಳಿತ್ತು. ಫ್ರಿಜ್ಜಿನ ಬಾಗಿಲಿಗೆ ಮೊಣಕಾಲಿನ ಗುಂಡಿ ಬಿದ್ದಿತ್ತು. ರಿಮೋಟುಗಳನ್ನು ಗೋಡೆಗೆ ಎಸೆದು ಎಸೆದು ಒಂದಕ್ಕೂ ಹಿಂದಿನ ಮುಚ್ಚಳ ಇರಲಿಲ್ಲ, ಸೆಲ್ಲು ಬೀಳದ ಹಾಗೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಹೊಸ ಚಪ್ಪಟೆ ಟಿವಿ ಬಂದ ಮೇಲೂ ಅವನ ಪದ್ಧತಿ ಬದಲಾಗಲಿಲ್ಲ. ಚಿತ್ರ ಒಂದು ಕ್ಷಣ ನಿಂತರೆ ಸಾಕು, ಎದ್ದು ಬಂದು ನೆತ್ತಿಗೆ ಪಟಾರನೆ ಬಿಡುತ್ತಿದ್ದ. ಅಕ್ಕನ ಗಲ್ಲದ ಮೇಲೆ ಕಲೆ ಕಂಡರೆ ಅವಳು ಅಲ್ಮಾರದ ಬಾಗಿಲು ಬಡಿಯಿತು ಎನ್ನುತ್ತಿದ್ದಳು. ನಾನು ಜಗಳ ತೆಗೆದರೆ ಅವ್ವ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಗಂಡಹೆಂಡಿರ ನಡುವೆ ಹೋಗಬೇಡ ಎಂಬುದು ಅವಳ ಹಾಡು.

ಆಮೇಲೆ ಟಿವಿಯ ಫೋನುಗಳು ಶುರುವಾದವು.

"ಲೇ, ಟಿವಿ ಸೌಂಡ್ ಸಣ್ಣದಾಗೈತಲ್ಲ" ಎಂದಳು ಅಕ್ಕ.

"ಜಾಸ್ತಿ ಮಾಡು."

"ಮಾಡೀನಿ. ಪೂರ್ತಿ ಮಾಡೀನಿ. ಆದ್ರೂ ಮಂದಿ ಎಲ್ಲೋ ದೂರದಾಗ ಕುಂತು ಮಾತಾಡಿದಂಗ ಐತಿ."

ಸೆಟ್‌ಟಾಪ್ ಬಾಕ್ಸಿಗೆ ಬೇರೆ ಸೌಂಡ್, ಟಿವಿಗೆ ಬೇರೆ ಸೌಂಡ್ ಇರುತ್ತದೆ. ಒಂದನ್ನು ಏರಿಸಿ ಇನ್ನೊಂದನ್ನು ಮರೆಯುವುದು ಎಲ್ಲ ಮನೆಗಳ ಕತೆ. ಎರಡೂ ರಿಮೋಟು ಹಿಡಿಸಿ ಎರಡನ್ನೂ ಏರಿಸಿದೆ. ಫೋನಿನಲ್ಲೇ ಟಿವಿ ಅರಚುವುದು ನನಗೆ ಕೇಳಿಸುತ್ತಿತ್ತು, ತೆಲುಗು ಸೀರಿಯಲ್ಲಿನ ಅತ್ತೆ ಇಲ್ಲಿ ಬಳ್ಳಾರಿಯಲ್ಲೇ ನಿಂತು ಕೂಗಿದ ಹಾಗೆ. ಅಕ್ಕ ಮಾತ್ರ "ಈಗ ಅಡ್ಡಿಯಿಲ್ಲ" ಎಂದಳು. ವಾರದ ನಂತರ ಮತ್ತೆ ಅದೇ ಫೋನ್. ವೈರು ಬಿಚ್ಚಿ ಒರೆಸಿ ಹಾಕು ಎಂದೆ. ಟಿವಿ ಬಂದ್ ಮಾಡಿ, ಪ್ಲಗ್ ಕಿತ್ತು, ಸ್ವಲ್ಪ ಬಿಟ್ಟು ಹಾಕು ಎಂದೆ. ಸೆಟ್ಟಿಂಗಿಗೆ ಹೋಗಿ ಎಲ್ಲವನ್ನೂ ಮೊದಲಿನಂತೆ ಮಾಡಿಸಿದೆ. ಒಮ್ಮೆ ಟಿವಿಯನ್ನು ಎದುರಿನ ಗೋಡೆಗೆ ಹಾಕಿಸಬೇಕು, ಕೇಬಲ್ಲು ಎಳೆಸು ಎಂದಳು. ಆ ಗೋಡೆಗೆ ಕಿಟಕಿಯ ಬಿಸಿಲು ಹೊಡೆಯುತ್ತದೆ, ಏನೂ ಕಾಣುವುದಿಲ್ಲ ಎಂದರೂ ಹಟ ಹಿಡಿದಳು. ಅಡುಗೆಮನೆಯ ಬಾಗಿಲಲ್ಲಿ ಕೂತು ಸೊಪ್ಪು ಸೋಸುವಾಗ ಆ ಗೋಡೆ ಅವಳ ಬಲಕ್ಕೆ ಬರುತ್ತಿತ್ತು.

ಸೌಂಡ್ ಏರಿದ್ದೇ ಅವಳಿಗೆ ಮುಳುವಾಯಿತು. ಭಾವ ಅಂಗಡಿಯಿಂದ ಬರುವಾಗ ಓಣಿಯ ತುದಿಗೇ ಟಿವಿ ಕೇಳಿಸುತ್ತಿತ್ತಂತೆ. ಬಂದವನು ಮೊದಲು ಟಿವಿಗೊಂದು, ಆಮೇಲೆ ಅವಳಿಗೊಂದು. ಏಟಿಗೆ ಕಿವಿ ಮತ್ತಷ್ಟು ಮಂದವಾಗುವುದು, ಅವಳು ಸೌಂಡ್ ಮತ್ತಷ್ಟು ಏರಿಸುವುದು, ಏರಿಸಿದ್ದಕ್ಕೆ ಅವನು ಮತ್ತೆ ಹೊಡೆಯುವುದು. ಇದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಆ ದಿನಗಳಲ್ಲಿ ಅವಳು ಹೇಳಿದ್ದು ಇಷ್ಟೇ, "ಸೌಂಡ್ ಜಾಸ್ತಿ ಆದ್ರ ನಿಮ್ಮ ಭಾವಗ ಸಿಟ್ಟು ಬರ್ತೈತಿ." ಅದಕ್ಕೆ ನಾನು ಅವಳ ಮೊಬೈಲಿಗೆ ಸೀರಿಯಲ್ ಬರುವ ಹಾಗೆ ಮಾಡಿ, ಒಂದು ಇಯರ್‌ಫೋನ್ ಕೊಟ್ಟು ಬಂದೆ.

ಕೊಟ್ಟ ಮೂರನೆಯ ದಿನ ಫೋನ್: "ಎಡಗಡೆ ಸೌಂಡ್ ಬರವಲ್ದು." ಇಯರ್‌ಫೋನಿನ ವೈರು ಒಂದು ಕಡೆ ಕಡಿದುಹೋಗುವುದು ಹೊಸದಲ್ಲ. ಇನ್ನೊಂದು ಕಳಿಸಿದೆ. ಅದಕ್ಕೂ ಎಡಗಡೆ ಬರಲಿಲ್ಲ. ಆಗ ನನಗೆ ರೇಗಿತು. ಅಂಗಡಿಯವನಿಗೆ ಬೈದು, ಅವನ ಮುಂದೆಯೇ ಎರಡೂ ಕಡೆ ಪರೀಕ್ಷಿಸಿ, ಹೊಸದೊಂದನ್ನು ಚೀಲಕ್ಕೆ ಹಾಕಿಕೊಂಡು ಭಾನುವಾರ ಸಿರುಗುಪ್ಪದ ಬಸ್ ಹತ್ತಿದೆ. ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಭತ್ತದ ಗದ್ದೆ. ಆ ಹಸಿರನ್ನು ನೋಡುತ್ತಾ ಮನಸ್ಸಿನಲ್ಲಿ ಅಂಗಡಿಯವನನ್ನು ಬೈಯುತ್ತಲೇ ಹೋದೆ.

ಅಕ್ಕ ಇಯರ್‌ಫೋನ್ ಹಾಕಿಕೊಂಡಳು. "ಇದೂ ಹಂಗ ಐತಿ" ಎಂದಳು.

ನಾನು ಕಿತ್ತು ನನ್ನ ಕಿವಿಗೆ ಹಾಕಿಕೊಂಡೆ. ಎರಡೂ ಕಡೆ ಚೆನ್ನಾಗಿ ಕೇಳಿಸುತ್ತಿತ್ತು. ನಾನು ಕ್ಲಾಸಿನಲ್ಲಿ ಮಕ್ಕಳಿಗೆ ಮೊದಲ ದಿನ ಹೇಳಿಕೊಡುವುದೇ ಇದು. ಯಾವುದು ಕೆಟ್ಟಿದೆ ಎಂದು ತಿಳಿಯದಿದ್ದರೆ ಅದಲುಬದಲು ಮಾಡಿ ನೋಡಿ. ಈ ಕಂಪ್ಯೂಟರಿನ ವೈರನ್ನು ಆ ಕಂಪ್ಯೂಟರಿಗೆ ಹಾಕಿ. ತೊಂದರೆ ವೈರಿನ ಹಿಂದೆ ಹೋದರೆ ವೈರು ಕೆಟ್ಟಿದೆ, ಇದ್ದಲ್ಲೇ ಇದ್ದರೆ ಕಂಪ್ಯೂಟರ್ ಕೆಟ್ಟಿದೆ. ಯೋಚನೆಯೇ ಇಲ್ಲದೆ, ಅಭ್ಯಾಸಕ್ಕೆ, ನಾನು ಎಡಗಡೆಯದನ್ನು ಅವಳ ಬಲಗಿವಿಗೆ, ಬಲಗಡೆಯದನ್ನು ಎಡಗಿವಿಗೆ ಚುಚ್ಚಿದೆ.

"ಈಗ?"

"ಈಗೂ ಎಡಗಡೆ ಇಲ್ಲ."

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಬಲಗೈಯವನು ಎದುರಿಗೆ ನಿಂತು ಹೊಡೆದರೆ ಏಟು ಎಡಗೆನ್ನೆಗೆ ಬೀಳುತ್ತದೆ. ಇದಕ್ಕೆ ಯಾವ ತರಬೇತಿಯೂ ಬೇಡ.

"ನಿನಗ ಗೊತ್ತಿತ್ತೇನು?" ಎಂದೆ.

"ಗುಂಯ್ ಅಂತಿತ್ತು. ಆಮ್ಯಾಲೆ ಅದೂ ನಿಂತು ಹೋತು" ಎಂದಳು. ಬೆರಳಿಗೆ ಸುತ್ತಿದ ಸೆರಗನ್ನು ಬಿಚ್ಚುತ್ತಾ, "ಟಿವೀನ ಕೆಟ್ಟಿರ್ಲೆವ್ವ ಅಂತ ಬೇಡ್ಕೊಂಡೆ. ನೀ ಪ್ರತೀಸಲ ಏನೋ ಒಂದು ಸರಿ ಮಾಡಿದಾಗ, ಹೌದು, ಟಿವಿದ ಇತ್ತು ಅಂತ ಅನಸ್ತಿತ್ತು" ಎಂದಳು.

ನನಗೆ ಅಳು ಬರಲಿಲ್ಲ. ಕೈಗೆ ಸಿಕ್ಕಿದ್ದನ್ನು ಪುಡಿ ಮಾಡಬೇಕು ಎನಿಸಿತು. ಇಯರ್‌ಫೋನನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದೆ. ಟಿವಿ ಆನ್ ಮಾಡಿ ಸೌಂಡನ್ನು ಪೂರ್ತಿ ಏರಿಸಿದೆ. ಓಣಿಯೆಲ್ಲ ಕೇಳಲಿ ಎಂದು ಬೇಕೆಂದೇ ಏರಿಸಿದೆ. ಅಕ್ಕ ಗಾಬರಿಯಾಗಿ, "ಬ್ಯಾಡ ಲೇ, ಊಟಕ್ಕ ಬರೋ ಹೊತ್ತು" ಎಂದು ರಿಮೋಟು ಹುಡುಕತೊಡಗಿದಳು. ರಿಮೋಟು ನನ್ನ ಮುಷ್ಟಿಯಲ್ಲಿತ್ತು, ನಾನು ಕೊಡಲಿಲ್ಲ.

ಭಾವ ಬಂದೇ ಬಿಟ್ಟ. ಬಾಗಿಲಲ್ಲಿ ಚಪ್ಪಲಿ ಸಹ ಬಿಡಲಿಲ್ಲ. "ಏನ್ಲೇ, ಮನೀ ಅಂತ ಮಾಡೀರೋ ಟಾಕೀಸ್ ಅಂತ ಮಾಡೀರೋ?" ಎಂದು ಟಿವಿಯ ನೆತ್ತಿಗೆ ಬಡಿದ. ಗೋಡೆಯ ಮೊಳೆಯ ಸುತ್ತ ಸುಣ್ಣ ಉದುರಿತು. ಅಕ್ಕ ಅವನಿಗೆ ಬೆನ್ನು ಮಾಡಿ ಬಾಗಿ ಇಯರ್‌ಫೋನ್ ಹೆಕ್ಕುತ್ತಿದ್ದಳು. ಅವನು ಬೈದದ್ದು ಅವಳಿಗೆ ಕೇಳಿಸಿತೋ ಇಲ್ಲವೋ, ತಿರುಗಲಿಲ್ಲ. ತಿರುಗದ್ದಕ್ಕೆ ಅವನಿಗೆ ಇನ್ನಷ್ಟು ಸಿಟ್ಟು. ಹಿಂದಿನಿಂದ ಕೈ ಎತ್ತಿದ. ಹಿಂದಿನಿಂದ ಹೊಡೆದರೆ ಬಲಗೈಯ ಏಟು ಬಲಗಿವಿಗೇ ಬೀಳುತ್ತದೆ. ನನಗೆ ಅದೊಂದೇ ಹೊಳೆದದ್ದು.

ನಾನು ನಡುವೆ ನುಗ್ಗಿ ಅವನ ಮೊಣಕೈಗೆ ಜೋತುಬಿದ್ದೆ. "ಆ ಕಿವಿ ಮುಟ್ಟಿದ್ರ ನಿನ್ನ ಕೊಲ್ತೀನಿ" ಎಂದು ಕೂಗಿದೆ. ಭಾವನನ್ನು ನಾನು ಅದುವರೆಗೆ ಏಕವಚನದಲ್ಲಿ ಕರೆದಿರಲಿಲ್ಲ. "ಕೊಲ್ತೀಯಾ? ಬಾ ಇಂಜಿನಿಯರಮ್ಮ, ಕೊಲ್ಲು" ಎಂದು ಅವನು ನನ್ನ ಮುಂಗೈ ಹಿಡಿದು ತಿರುಚಿದ. ಒಳಗೆ ಏನೋ ಚಟ್ ಎಂದಿತು. ನಾನು ಅವನ ಕೈಗೆ ಹಲ್ಲು ಹಾಕಿದೆ, ಬಾಯಿಗೆ ಉಪ್ಪು ರುಚಿ ಬಂತು. ಅವನು ನನ್ನ ಜಡೆ ಹಿಡಿದು ಗೋಡೆಗೆ ಗುದ್ದಿಸಿದ. ಒಂದು ಗಳಿಗೆ ಕಣ್ಣು ಕತ್ತಲೆ ಬಂತು. ಟಿವಿಯಲ್ಲಿ ಯಾರೋ ಜೋರಾಗಿ ನಗುತ್ತಿದ್ದರು.

ಆಗ ಅಕ್ಕ ಸ್ಟೆಬಿಲೈಸರ್ ಎತ್ತಿದಳು. ವೋಲ್ಟೇಜು ಏರಿಳಿಯುತ್ತದೆ ಎಂದು ಅಪ್ಪನೇ ಮದುವೆಯಲ್ಲಿ ಕೊಟ್ಟಿದ್ದ ಹಳೆಯ ಕಬ್ಬಿಣದ ಡಬ್ಬಿ ಅದು, ಒಂದು ಕೈಯಲ್ಲಿ ಎತ್ತಲಾಗದಷ್ಟು ಭಾರ. ಅವಳು ಎರಡೂ ಕೈಯಲ್ಲಿ, ವೈರುಸಮೇತ ಕಿತ್ತೆತ್ತಿ, ಅವನ ಹಣೆಗೆ ಬೀಸಿದಳು. ಪ್ಲಗ್ ಕಿತ್ತು ಬಂದು ಟಿವಿ ಆರಿತು. ಭಾವ ನಿಂತಲ್ಲೇ ಕುಸಿದು ಕೂತ. ಹುಬ್ಬಿನ ಮೇಲಿಂದ ರಕ್ತ ಇಳಿದು ಅಂಗಿಯ ಜೇಬಿನೊಳಗೆ ಹೋಯಿತು. ತಾನು ಹೊಡೆಸಿಕೊಳ್ಳಬಹುದು ಎಂಬುದೇ ಅವನಿಗೆ ಗೊತ್ತಿರಲಿಲ್ಲ ಎನ್ನುವ ಹಾಗೆ ನಮ್ಮನ್ನು ನೋಡುತ್ತಿದ್ದ. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಸಂತೋಷವಾಯಿತು.

ಅಕ್ಕ ಸ್ಟೆಬಿಲೈಸರನ್ನು ಮೆಲ್ಲಗೆ ಕೆಳಗಿಟ್ಟು, ಅವನ ಹಣೆಗೆ ಒಂದು ಟವೆಲು ಒತ್ತಿ ಹಿಡಿಸಿ, ಪಕ್ಕದ ಮನೆಯವರನ್ನು ಕೂಗಿ, ಆಮೇಲೆ ನನ್ನ ಜೊತೆ ಹೊರಟಳು. ಉಟ್ಟ ಸೀರೆಯಲ್ಲೇ ಬಂದಳು. ಬಸ್ಸಿನಲ್ಲಿ ನನ್ನ ಎಡಕ್ಕೆ ಕೂತಳು. ನಾನು ಮಾತಾಡಿದರೆ ಕೇಳಲಿ ಎಂದು.

ಕಿವಿ ಡಾಕ್ಟರು ದೀಪ ಹಾಕಿ ನೋಡಿದರು, ಯಂತ್ರ ಹಚ್ಚಿ ನೋಡಿದರು. "ಎಡಗಡಿ ಆಸೆ ಬಿಡ್ರಿ. ಬಲಗಡೀನೂ ಪೆಟ್ಟು ತಿಂದೈತಿ, ಆದ್ರ ಕೆಲಸ ಮಾಡ್ತೈತಿ. ಇನ್ನೊಂದು ಏಟು ಬಿದ್ರ ನನ್ನ ಕೈಯಾಗ ಏನೂ ಇಲ್ಲ" ಎಂದರು. ನನ್ನ ಮುಂಗೈಗೆ ಬೇರೆ ಡಾಕ್ಟರು ಪಟ್ಟಿ ಹಾಕಿದರು.

ಅಕ್ಕ ವರ್ಷಗಟ್ಟಲೆ ಏಟು ತಿಂದಾಗ ಬಳಗದಲ್ಲಿ ಒಬ್ಬರೂ ನ್ಯಾಯ ಹೇಳಲು ಚಾಪೆ ಹಾಸಿ ಕೂತಿರಲಿಲ್ಲ. ಅವಳು ಒಂದು ಏಟು ಕೊಟ್ಟಳು, ಕುರುಗೋಡಿನಿಂದ ದೊಡ್ಡಪ್ಪ ಕಾರು ಮಾಡಿಕೊಂಡು ಸಿರುಗುಪ್ಪಕ್ಕೆ ಹೋಗಿ, ಭಾವನನ್ನೂ ಅಲ್ಲಿನ ಇಬ್ಬರು ಹಿರಿಯರನ್ನೂ ಕೂರಿಸಿಕೊಂಡು ನಮ್ಮ ಮನೆಗೆ ಬಂದ. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ಮನೆತನದಲ್ಲಿ ಅವನ ಮಾತನ್ನು ದಾಟಿದವರಿಲ್ಲ. ಕೂರಿಸಿ ಮಾತಾಡಿ, ಅಕ್ಕನನ್ನು ಅದೇ ಕಾರಿನಲ್ಲಿ ಕಳಿಸಿಕೊಡುವುದು ಎಂದು ಫೋನಿನಲ್ಲೇ ತೀರ್ಮಾನವಾಗಿತ್ತು. ಅವ್ವನೂ ಒಪ್ಪಿದ್ದಳು. "ಗಂಡನ್ನ ಬಡದು ತವರಿಗೆ ಬಂದಾಕಿ ಅಂತ ಮಂದಿ ಬಾಯಿಗೆ ಬಿದ್ರ ನಾ ಹೆಂಗ ತಲಿ ಎತ್ಲಿ?" ಎಂದು ನನ್ನ ಜೊತೆ ಬೆಳಗಿನಿಂದ ಜಗಳ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬಬೇಕಲ್ಲ, ಅದಕ್ಕೆ ಬಂದವರು ಚಪ್ಪಲಿ ಬಿಡುವ ಮೊದಲೇ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಶಿನ ಕೊಂಬು, ಒಂದು ಕುಪ್ಪಸದ ಬಟ್ಟೆ ಜೋಡಿಸಿ ದೇವರ ಮುಂದೆ ಇಟ್ಟಿದ್ದಳು. ಆ ತಟ್ಟೆಯನ್ನು ಒದೆಯಬೇಕು ಎನಿಸಿತ್ತು ನನಗೆ. ದೇವರ ಮುಂದಿತ್ತೆಂದು ಬಿಟ್ಟೆ.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಬಂದವರೆಲ್ಲ ಅವಳ ಎಡಕ್ಕೆ, ಬಾಗಿಲ ಕಡೆ ಕೂತರು. ಭಾವನ ಹಣೆಯಲ್ಲಿ ಬಿಳಿ ಪಟ್ಟಿ ಇತ್ತು. ಎಲ್ಲರ ಕಣ್ಣೂ ಆ ಪಟ್ಟಿಯ ಮೇಲೆ. ಅಕ್ಕನ ಗಾಯಕ್ಕೆ ಪಟ್ಟಿ ಹಾಕುವಂತಿರಲಿಲ್ಲ, ಹಾಗಾಗಿ ಅದು ಯಾರಿಗೂ ಕಾಣುತ್ತಿರಲಿಲ್ಲ. ನಾನು ಡಾಕ್ಟರ ಮಾತನ್ನು ಹೇಳಿದೆ. ಸಿರುಗುಪ್ಪದ ಹಿರಿಯರೊಬ್ಬರು, "ಕಿವಿ ಮಂದ ಆಗೋದು ಯಾರಿಗಾರ ಆಗ್ತೈತಿ ಬಿಡವಾ. ಗಂಡನ ಮ್ಯಾಲೆ ಕೈ ಎತ್ತೋದು ಚೊಲೋ ಅಲ್ಲ" ಎಂದರು. ನಾನು ಬಾಯಿ ತೆಗೆದೆ, ದೊಡ್ಡಪ್ಪ ಕೈ ಎತ್ತಿ ಸುಮ್ಮನಾಗಿಸಿದ.

"ಆತಪ. ಆಕೀದೂ ತಪ್ಪೈತಿ, ನಿಂದೂ ತಪ್ಪೈತಿ. ಇನ್ನ ಮುಟ್ಟಂಗಿಲ್ಲ ಅಂತ ಒಂದು ಮಾತು ಹೇಳು, ಕರ್ಕೊಂಡು ಹೋಗು" ಎಂದ ಭಾವನಿಗೆ.

ಭಾವ ತಲೆ ತಗ್ಗಿಸಿ, ಕೂತಲ್ಲಿಂದಲೇ ಸಣ್ಣ ದನಿಯಲ್ಲಿ, "ಇನ್ನ ಮುಟ್ಟಂಗಿಲ್ಲ. ಬಾ" ಎಂದ.

ಅಕ್ಕ ಎದುರಿನ ಗೋಡೆ ನೋಡುತ್ತಿದ್ದಳು.

"ಕೇಳಿಸ್ತೇನವಾ?" ಎಂದ ದೊಡ್ಡಪ್ಪ. ಅದಕ್ಕೂ ಅವಳು ತಿರುಗಲಿಲ್ಲ. ನಾನು ಹೇಳಿದೆ, "ಆ ಕಡಿಯಿಂದ ಆಕಿಗೆ ಕೇಳಂಗಿಲ್ಲ ದೊಡ್ಡಪ್ಪ. ಅದನ್ನ ಅಲ್ಲೇನು ಇಷ್ಟೊತ್ತು ನಾ ಹೇಳಿದ್ದು."

ದೊಡ್ಡಪ್ಪ ಸ್ವಲ್ಪ ತಡವರಿಸಿ, "ಹಂಗಾದ್ರ ಎದ್ದು ಈ ಕಡಿ ಬಂದು ಹೇಳಪಾ" ಎಂದ.

ಭಾವ ಎದ್ದ. ಎಲ್ಲರ ಮುಂದೆ ದಾಟಿಕೊಂಡು ಅಕ್ಕನ ಬಲಕ್ಕೆ ಬಂದ. ಅವಳ ಪಕ್ಕ ಬಗ್ಗಿದ. ಬಗ್ಗುವಾಗ ಹೆಗಲ ಮೇಲಿನ ಟವೆಲು ಜಾರಿತು, ಅದನ್ನು ಸರಿಮಾಡಿಕೊಳ್ಳಲು ಬಲಗೈ ಎತ್ತಿದ. ಅಷ್ಟೇ ಅವನು ಮಾಡಿದ್ದು. ಅವನಿಗೆ ಹೊಡೆಯುವ ಉದ್ದೇಶ ಇರಲಿಲ್ಲ, ಇದನ್ನು ನಾನೂ ಒಪ್ಪುತ್ತೇನೆ.

ಅಕ್ಕನ ಎರಡೂ ಕೈ ಬಲಗಿವಿಗೆ ಹಾರಿದವು. ಮುಖವನ್ನು ಮುಚ್ಚಿಕೊಳ್ಳಲಿಲ್ಲ, ತಲೆಯನ್ನು ಮುಚ್ಚಿಕೊಳ್ಳಲಿಲ್ಲ. ಗಾಳಿಗೆ ದೀಪ ಆರದಂತೆ ಕೈ ಅಡ್ಡ ಹಿಡಿಯುತ್ತಾರಲ್ಲ, ಹಾಗೆ ಆ ಒಂದು ಕಿವಿಯನ್ನು ಎರಡೂ ಅಂಗೈಯಲ್ಲಿ ಮುಚ್ಚಿ, ಮೊಣಕಾಲಿಗೆ ಬಾಗಿ, ಕಣ್ಣು ಬಿಗಿಯಾಗಿ ಮುಚ್ಚಿದಳು.

ಭಾವನ ಕೈ ಟವೆಲಿನ ಹತ್ತಿರವೇ ನಿಂತುಬಿಟ್ಟಿತು. ಇಳಿಸಲು ಅವನಿಗೆ ಗೊತ್ತಾಗಲಿಲ್ಲ. ಹಣೆಯ ಪಟ್ಟಿ ನೋಡುತ್ತಿದ್ದವರೆಲ್ಲ ಈಗ ಆ ಕೈ ನೋಡುತ್ತಿದ್ದರು. ಕಿವಿ ಮಂದ ಆಗೋದು ಯಾರಿಗಾರ ಆಗ್ತೈತಿ ಎಂದವರು ಚಾಪೆಯ ಹೆಣಿಗೆಯನ್ನು ಉಗುರಿನಿಂದ ಕೆರೆಯುತ್ತಾ ಕೂತರು.

ಅವ್ವ ಎದ್ದಳು. ಉಡಿ ತುಂಬಲು ಎದ್ದಳೆಂದೇ ನಾನು ತಿಳಿದೆ. ಅವಳು ದೇವರ ಮುಂದಿನ ತಟ್ಟೆಯನ್ನು ತೆಗೆದುಕೊಂಡು ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ಹೋದಳು. ಅಕ್ಕಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ ತಟ್ಟೆಯ ಅಕ್ಕಿ ಡಬ್ಬಿಗೆ ವಾಪಸ್ಸು ಸುರಿಯುವ ಸದ್ದು.

ಅಕ್ಕ ಕಿವಿಯಿಂದ ಒಂದು ಕೈ ತೆಗೆದಳು, ಇನ್ನೊಂದನ್ನೂ ತೆಗೆದಳು, ಅಕ್ಕಿ ಬೀಳುವುದು ನಿಲ್ಲುವವರೆಗೆ ಅಡುಗೆಮನೆಯ ಕಡೆಗೇ ಕಿವಿಗೊಟ್ಟು ಕೂತಳು.